ಹೂಂಕಾರನ ಭಾಷಣ

ಅವನಿಗೆ ಹೂಂಕಾರ ಎಂದು ಹೆಸರಿಟ್ಟವನು ಅವನ ಭಾವಮೈದ. ಹೆಸರು ಕೇಳಿದವರು ಯಾರೋ ಮೀಸೆ ತಿರುವಿ ಗುಡುಗುವ ಗಂಡಾಳು ಇರಬೇಕೆಂದು ಊಹಿಸುತ್ತಿದ್ದರು. ಎದುರಿಗೆ ಕಂಡರೆ ಸಣಕಲು ಮೈ, ಬಗ್ಗಿದ ಕತ್ತು, ಕೈಯಲ್ಲೊಂದು ಫೋನು. ಯಾರು ಏನು ಕೇಳಿದರೂ ಫೋನಿನಿಂದ ಕಣ್ಣು ಕೀಳದೆ ‘ಹೂಂ’ ಅನ್ನುವುದಷ್ಟೇ ಅವನ ಹೂಂಕಾರ.

ಹೆಂಡತಿ ಆಗಾಗ ಅವನನ್ನು ಪರೀಕ್ಷೆಗೆ ಒಡ್ಡುತ್ತಿದ್ದಳು.

“ರೀ, ಗ್ಯಾಸ್ ಮುಗೀತು.”

“ಹೂಂ.”

“ರೀ, ನಾನು ಮನೆ ಬಿಟ್ಟು ಹೋಗ್ತಾ ಇದೀನಿ.”

“ಹೂಂ.”

“ಹೋಗೋಕೆ ಮುಂಚೆ ನಿಮ್ಮನ್ನ ಹಳೇ ಸಾಮಾನಿನವನಿಗೆ ಹಾಕಿ ಹೋಗ್ತೀನಿ.”

“ಹೂಂ, ಹೋಗ್ತಾ ಬಾಗಿಲು ಎಳ್ಕೊಂಡು ಹೋಗು.”

ಈ ಹೂಂ ಅವನಿಗೆ ಒಮ್ಮೆ ದುಬಾರಿಯಾಗಿಯೇ ಬಿದ್ದಿತ್ತು. “ಭಾವ, ನಮ್ಮ ನಾಯೀನ ನಿಮ್ಮನೇಲಿ ಬಿಟ್ಟಿರಲಾ?” ಎಂದು ಭಾವಮೈದ ಕೇಳಿದಾಗಲೂ ಅದೇ ಉತ್ತರ ಹೊರಟಿತು. ಮರುದಿನ ಬೆಳಿಗ್ಗೆ ಕರುವಿನ ಗಾತ್ರದ ಪ್ರಾಣಿಯೊಂದು ಅವನ ಚಪ್ಪಲಿ ಅಗಿಯುತ್ತಾ ಬಾಗಿಲಲ್ಲಿ ಕೂತಿತ್ತು. ಅಷ್ಟಾದರೂ ಬುದ್ಧಿ ಬರಲಿಲ್ಲ.

ಹೂಂಕಾರನಿಗೆ ಬಚ್ಚಲುಮನೆಯ ಸಾಮಾನು ಮಾರುವ ದೊಡ್ಡ ಅಂಗಡಿಯಲ್ಲಿ ಕೆಲಸ. ಕೆಳಗಡೆ ನಲ್ಲಿ, ಪೈಪು, ವಾಶ್‌ಬೇಸಿನ್ನು. ಮೇಲಿನ ಮಹಡಿಯಲ್ಲಿ ಬಣ್ಣಬಣ್ಣದ ಕಮೋಡುಗಳು, ಗಾಜಿನ ಗೂಡಿನೊಳಗೆ ನೇತುಹಾಕಿದ ಶವರುಗಳು, ಮೂಲೆಯಲ್ಲೊಂದು ಸ್ನಾನದ ಟಬ್ಬು. ಗಿರಾಕಿಗಳೂ ಫೋನು ನೋಡುತ್ತಲೇ ಬರುತ್ತಿದ್ದರು. ಅವರು ತಲೆ ಎತ್ತದೆ “ನಲ್ಲಿ ತೋರಿಸಿ” ಅನ್ನುವುದು, ಇವನು ತಲೆ ಎತ್ತದೆ “ಅಲ್ಲಿದೆ ನೋಡಿ” ಅನ್ನುವುದು. ಹೀಗೆ ಒಬ್ಬರ ಮುಖ ಒಬ್ಬರು ಕಾಣದೆ ವ್ಯಾಪಾರ ಸುಸೂತ್ರವಾಗಿ ನಡೆದುಹೋಗುತ್ತಿತ್ತು.

ಒಂದು ಸೋಮವಾರ ಯಜಮಾನರು ಅವನ ಕೌಂಟರಿನ ಮುಂದೆ ನಿಂತು ಏನನ್ನೋ ಕೇಳಿದರು. ಆಗ ಅವನು ಯಾವುದೋ ದೇಶದಲ್ಲಿ ಬೆಕ್ಕೊಂದು ಪಿಯಾನೋ ಮೇಲೆ ನಡೆಯುವುದನ್ನು ನೋಡುತ್ತಿದ್ದ. ‘ಹೂಂ’ ಅಂದ. ಯಜಮಾನರು ಬಹಳ ಸಂತೋಷಪಟ್ಟು ಹೋದರು. ಇಷ್ಟು ಸುಲಭಕ್ಕೆ ಯಾಕೆ ಸಂತೋಷಪಟ್ಟರು ಎಂದು ಅವನಿಗೂ ಕೊಂಚ ಅನ್ನಿಸಿತು. ಆದರೆ ಬೆಕ್ಕು ಅಷ್ಟರಲ್ಲಿ ಕೆಳಗೆ ಜಾರಿತ್ತು.

ಬುಧವಾರ ಕ್ಯಾಶಿಯರ್ ಅವನ ಬೆನ್ನು ತಟ್ಟಿದ. “ಪರವಾಗಿಲ್ಲ ಕಣಯ್ಯಾ ಧೈರ್ಯ! ನಾವೆಲ್ಲಾ ಎರಡು ಮಾತಾಡಿ ಕೂತ್ಕೋತೀವಿ. ಮುಖ್ಯ ಭಾಷಣ ನಿಂದೇ ಅಂತಲ್ಲ?”

“ಯಾವ ಭಾಷಣ?”

“ಶನಿವಾರ ಸಂಜೆ, ಗೋಡೌನ್ ಅಕ್ಕನ ಬೀಳ್ಕೊಡುಗೆ! ಸಾರ್ ಕೇಳಿದ ತಕ್ಷಣ ಒಪ್ಕೊಂಡ್ಯಂತೆ!”

ಗೋಡೌನ್ ಅಕ್ಕ ನಿವೃತ್ತರಾಗುವ ಸುದ್ದಿಯೇ ಅವನಿಗೆ ಗೊತ್ತಿರಲಿಲ್ಲ. ಅವನು ಆ ಅಂಗಡಿಗೆ ಸೇರುವುದಕ್ಕೆ ಎಷ್ಟೋ ಮೊದಲಿನಿಂದಲೂ ಅವರು ಗೋಡೌನಿನ ಲೆಕ್ಕ ನೋಡಿಕೊಂಡು ಅಲ್ಲಿದ್ದವರು. ಗೋಡೌನಿನ ಬಾಗಿಲಲ್ಲಿ ಅವರ ಮೇಜು, ಅದಕ್ಕೆ ನೇರ ಎದುರಿಗೆ ಇವನ ಕೌಂಟರು.

ಭಾಷಣ ಅಂದರೆ ಅವನಿಗೆ ಶಾಲೆಯ ದಿನಗಳಿಂದಲೂ ಮೈ ನಡುಕ. ಆದರೂ ಫೋನು ಇದೆಯಲ್ಲ ಎಂದು ಸಮಾಧಾನ ತಂದುಕೊಂಡ. ‘ಹಿರಿಯ ಸಹೋದ್ಯೋಗಿಗೆ ವಿದಾಯ ಭಾಷಣ ಬರೆದುಕೊಡು’ ಎಂದು ಅದನ್ನು ಕೇಳಿದ. ಅವನು ಕಣ್ಣು ಮಿಟುಕಿಸುವುದರೊಳಗೆ ಭಾಷಣ ತಯಾರಾಗಿ ಬಂತು. ಅದನ್ನು ಓದಿ ಅವನೇ ಗದ್ಗದಿತನಾದ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಓದಿ ಹೇಳಿದ. “ಇಂದು ನಮ್ಮೆಲ್ಲರ ಹೃದಯ ಭಾರವಾಗಿದೆ. ಅವರು ಕೇವಲ ಸಹೋದ್ಯೋಗಿಯಲ್ಲ, ನಮ್ಮ ದಾರಿ ಬೆಳಗಿದ ದೀಪ. ನಮಗೆಲ್ಲ ನೆರಳು ನೀಡಿದ ಆಲದ ಮರ…”

ಹೆಂಡತಿಗೆ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಚುಚ್ಚುವುದು ಎಲ್ಲಿ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ಚೆನ್ನಾಗಿದೆ. ಆದ್ರೆ ಇದರಲ್ಲಿ ಅವರು ಎಲ್ಲಿದಾರೆ?”

“ಇದಾರಲ್ಲೇ, ದೀಪ, ಮರ…”

“ಅವರು ದಪ್ಪಾನಾ, ಸಣ್ಣಾನಾ?”

“ಮಧ್ಯಮ.”

“ಕನ್ನಡಕ ಹಾಕ್ತಾರಾ?”

ಹೂಂಕಾರ ತುತ್ತು ಕೈಯಲ್ಲೇ ಹಿಡಿದು ಯೋಚಿಸಿದ. ಅಕ್ಕನ ಮೇಜು ಕಣ್ಣಿಗೆ ಕಟ್ಟಿತು, ಮೇಜಿನ ಮೇಲಿನ ಫ್ಯಾನು ಕೂಡ ಕಂಡಿತು. ಮುಖ ಇರಬೇಕಾದ ಜಾಗದಲ್ಲಿ ಮಾತ್ರ ಏನೂ ಇರಲಿಲ್ಲ.

“ಹಾಕ್ತಾರೆ… ಅನ್ಸುತ್ತೆ.”

“ಅನ್ಸುತ್ತೆ! ಇಷ್ಟು ವರ್ಷ ಎದುರಿಗೆ ಕೂತು ಅನ್ಸುತ್ತೆ! ಹೋಗ್ಲಿ, ಕಣ್ಣು ಮುಚ್ಚಿ. ನಾನು ಇವತ್ತು ಯಾವ ಬಣ್ಣದ ಬಟ್ಟೆ ಹಾಕಿದೀನಿ?”

ಅವನು ಕಣ್ಣು ಮುಚ್ಚಿ ‘ನೀಲಿ’ ಅಂದ. ಕಣ್ಣು ಬಿಟ್ಟು ನೋಡಿದರೆ ಹಳದಿ. ಹೆಂಡತಿ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ವಾಸಿ ಇತ್ತು. ಸುಮ್ಮನೆ ಎದ್ದು ತಟ್ಟೆ ತೊಳೆಯಲು ಹೋದಳು. ಬೆಳಿಗ್ಗೆ ಅವನು ಅಂಗಡಿಗೆ ಹೊರಟಾಗ ಕೈ ಚಾಚಿ ಅಡ್ಡ ನಿಂತಳು.

“ಕೊಡಿ ಫೋನು. ಸಂಜೆ ಬಂದು ತಗೊಳ್ಳಿ. ಅವರ ಮುಖ ನೋಡ್ಕೊಂಡು ಬನ್ನಿ ಮೊದಲು.”

ಫೋನಿಲ್ಲದ ಆ ಗುರುವಾರ ಹೂಂಕಾರನ ಪಾಡು ಯಾರಿಗೂ ಬೇಡ. ಕೈ ತನ್ನಷ್ಟಕ್ಕೆ ಜೇಬಿಗೆ ಹೋಗುವುದು, ಕರವಸ್ತ್ರ ಹೊರತೆಗೆಯುವುದು. ಅವನು ಅದನ್ನು ಅಂಗೈಯಲ್ಲಿ ಹರಡಿಕೊಂಡು ಹೆಬ್ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ಸವರುವುದು. “ಹುಷಾರಿಲ್ವಾ?” ಎಂದು ಕ್ಯಾಶಿಯರ್ ಎರಡು ಸಲ ಕೇಳಿದ. ಬೇರೆ ದಾರಿ ಕಾಣದೆ ಹೂಂಕಾರ ತಲೆ ಎತ್ತಿ ಎದುರಿಗೆ ನೋಡಿದ.

ಅಕ್ಕ ಕನ್ನಡಕ ಹಾಕುತ್ತಿದ್ದರು. ಒಂದಲ್ಲ, ಎರಡು! ಮೂಗಿನ ಮೇಲೊಂದು, ನೆತ್ತಿಯ ಮೇಲೊಂದು. ಮೂಗಿನ ಮೇಲಿನದರಲ್ಲಿ ಬಿಲ್ಲು ನೋಡುವರು, ಆಮೇಲೆ ‘ನನ್ನ ಇನ್ನೊಂದು ಎಲ್ಲಿ ಹೋಯ್ತು’ ಎಂದು ಮೇಜೆಲ್ಲ ತಡಕುವರು. ನಲ್ಲಿಗಳ ಪೆಟ್ಟಿಗೆ ಬಂದರೆ ಬಿಚ್ಚಿ, ಒಂದೊಂದನ್ನೂ ತಿರುಗಿಸಿ, ಇಷ್ಟವಾಗದಿದ್ದರೆ ಅದಕ್ಕೆ ಮೆಲ್ಲಗೆ ಬಯ್ಯುವರು. “ನೀನು ನೋಡು, ಯಾರ ಮನೆಗೆ ಹೋದ್ರೂ ಅಳ್ತೀಯ” ಎಂದು ಒಂದು ನಲ್ಲಿಗೆ ಹೇಳಿದ್ದು ಇವನಿಗೆ ಸ್ಪಷ್ಟವಾಗಿ ಕೇಳಿಸಿತು. ಹೂಂಕಾರನಿಗೆ ನಗು ಬಂತು. ಇಷ್ಟು ವರ್ಷ ಎದುರಿಗೇ ಇಂಥ ನಾಟಕ ನಡೆಯುತ್ತಿತ್ತಲ್ಲ, ಅದೂ ಬಿಟ್ಟಿ ಟಿಕೆಟ್ಟಿನಲ್ಲಿ!

ಮಧ್ಯಾಹ್ನ ಊಟ ಮುಗಿದ ಮೇಲೆ ಅಕ್ಕ ಮಾಯವಾದರು. ಭಾಷಣಕ್ಕೆ ಇನ್ನೇನಾದರೂ ಸಿಕ್ಕೀತೆಂದು ಇವನು ಹುಡುಕುತ್ತಾ ಹೋದ. ಗೋಡೌನಿನಲ್ಲಿ ಇಲ್ಲ, ಹಿತ್ತಲಲ್ಲಿ ಇಲ್ಲ. ಮೇಲಿನ ಮಹಡಿಗೆ ಹತ್ತಿದ. ಅಲ್ಲಿ ಗಿರಾಕಿ ದಂಪತಿಗಳಿಬ್ಬರು ಫೋನಿನಲ್ಲಿ ಟೈಲ್ಸಿನ ಚಿತ್ರ ನೋಡುತ್ತಾ ಮೂಲೆಯ ಟಬ್ಬಿಗೆ ಒರಗಿ ನಿಂತಿದ್ದರು. ಅವರು ಆ ಕಡೆ ಸರಿದ ಮೇಲೆ ಟಬ್ಬಿನೊಳಗಿಂದ ಸಣ್ಣಗೆ ಗೊರಕೆ ಕೇಳಿಸಿತು.

ಬಗ್ಗಿ ನೋಡಿದ. ತಲೆಯಡಿಗೆ ಹೂವಿನ ಚಿತ್ರದ ದಿಂಬು, ಎದೆಯ ಮೇಲೆ ಎರಡೂ ಕನ್ನಡಕ. ಗೋಡೌನ್ ಅಕ್ಕ ಹಾಯಾಗಿ ಮಲಗಿದ್ದರು.

“ಅಕ್ಕಾ!”

ಅಕ್ಕ ಒಂದು ಕಣ್ಣು ತೆರೆದರು. ಗಾಬರಿಯಾಗಲಿಲ್ಲ, ಆಶ್ಚರ್ಯವಾಯಿತು. “ಅರೆ, ನಿನಗೆ ನಾನು ಕಂಡ್ನಾ?”

“ಇದೇನಕ್ಕಾ ಇಲ್ಲಿ?”

“ಏನು ಅಂದ್ರೆ? ದಿನಾ ಇಲ್ಲೇ ಮಲಗೋದು. ಮೊದಲೆಲ್ಲ ಕದ್ದುಮುಚ್ಚಿ, ಎಲ್ಲರೂ ಹೋದ್ಮೇಲೆ ಬರ್ತಿದ್ದೆ. ಈ ಫೋನು ಬಂದ ಮೇಲೆ ಆ ತಾಪತ್ರಯಾನೂ ಇಲ್ಲ. ಸಾರ್ ಹೋದ ತಿಂಗಳು ಈ ಟಬ್ಬಿನ ಅಂಚಿನ ಮೇಲೇ ಕೂತು ಯಾರಿಗೋ ಮೆಸೇಜ್ ಮಾಡಿ ಎದ್ದುಹೋದ್ರು. ನಾನು ಉಸಿರು ಬಿಗಿಹಿಡಿದಿದ್ದೆ ಅಷ್ಟೆ.”

ಹೂಂಕಾರ ಪಕ್ಕದ ಕಮೋಡಿನ ಮುಚ್ಚಳದ ಮೇಲೆ ಕುಸಿದು ಕೂತ. ಭಾಷಣದ ಕಥೆಯನ್ನೆಲ್ಲ ಮುಚ್ಚುಮರೆ ಇಲ್ಲದೆ ಹೇಳಿಕೊಂಡ. ಅಕ್ಕ ಎದ್ದು ಕೂತು ನಕ್ಕ ನಗೆಗೆ ಟಬ್ಬೆಲ್ಲ ಗುಂಯ್ಗುಟ್ಟಿತು. ಮಾತು ಎಲ್ಲಿಂದೆಲ್ಲಿಗೋ ಹೋಯಿತು. ಕೆಲಸ ಬಿಟ್ಟ ಮೇಲೆ ಏನು ಮಾಡುತ್ತೀರಿ ಎಂದು ಅವನು ಕೇಳಿದ.

ಅಕ್ಕ ಮೊದಲು ಇವನ ಕೈಯತ್ತ ನೋಡಿದರು. ಅಲ್ಲಿ ಫೋನಿಲ್ಲ ಎಂದು ಖಾತ್ರಿಯಾದ ಮೇಲೆ ಹೇಳಿದರು. “ಈಜು ಕಲೀತೀನಿ. ಸೇರಿಯೂ ಆಯ್ತು. ನಗಬೇಡ. ಜೀವಮಾನವೆಲ್ಲ ನಲ್ಲಿ, ಶವರು, ಟಬ್ಬು ಅಂತ ನೀರಿನ ಸಾಮಾನೇ ಎಣಿಸಿದೆ. ಬಕೆಟ್ಟಿಗಿಂತ ಆಳದ ನೀರಿಗೆ ಇಳಿದೋಳಲ್ಲ. ಭಯ ನನಗೆ. ನಮ್ಮ ಅಪ್ಪ ನೀರಲ್ಲಿ ಮುಳುಗಿ ಹೋದ್ರು ಅಂತ ಅಮ್ಮ ನಮ್ಮನ್ನ ಕೆರೆ ಕಡೆಗೇ ಬಿಡ್ತಿರ್ಲಿಲ್ಲ. ಆ ಭಯಾನ ಹೊತ್ಕೊಂಡೇ ಹೋಗೋದು ಬೇಡ ಅನ್ಸಿದೆ.”

“ಮನೇಲಿ ಏನಂದ್ರು?”

“ಮಗಳಿಗೆ ಮೆಸೇಜ್ ಮಾಡಿದೆ. ಬರೀ ಒಂದು ಹೆಬ್ಬೆರಳಿನ ಚಿತ್ರ ಕಳಿಸಿದಾಳೆ.”

ಹೂಂಕಾರ ನಗಲಿಲ್ಲ. ಈ ಸಲ ಕರವಸ್ತ್ರವನ್ನು ಅದರ ನಿಜವಾದ ಕೆಲಸಕ್ಕೆ ಬಳಸಿದ.

ಶನಿವಾರ ಸಂಜೆ ಮೇಲಿನ ಮಹಡಿಯಲ್ಲೇ ಸಮಾರಂಭ. ಕುರ್ಚಿ ಸಾಲದೆ ಅರ್ಧ ಜನ ಪ್ರದರ್ಶನದ ಕಮೋಡುಗಳ ಮೇಲೆ ಆಸೀನರಾಗಿದ್ದರು. ಎಲ್ಲರ ಕತ್ತೂ ಬಗ್ಗಿತ್ತು, ಎಲ್ಲರ ಮುಖಕ್ಕೂ ಫೋನಿನ ಬೆಳಕು. ಯಜಮಾನರು ಎದ್ದು ನಿಂತು ಫೋನು ನೋಡಿ ಓದಿದರು. “ಇಂದು ನಮ್ಮೆಲ್ಲರ ಹೃದಯ ಭಾರವಾಗಿದೆ. ಅವರು ನಮ್ಮ ದಾರಿ ಬೆಳಗಿದ ದೀಪ…”

ಹೂಂಕಾರ ಬೆಚ್ಚಿಬಿದ್ದ. ಆಲದ ಮರವೂ ಬಂತು. ಚಪ್ಪಾಳೆಯಾಯಿತು. ಆಮೇಲೆ ಕ್ಯಾಶಿಯರ್ ಎದ್ದ. “ಇಂದು ನಮ್ಮೆಲ್ಲರ ಹೃದಯ ಭಾರವಾಗಿದೆ,” ಎಂದು ಶುರುಮಾಡಿ, ಅದೇ ದೀಪ ಹಚ್ಚಿ, ಅದೇ ಮರ ನೆಟ್ಟು ಕೂತ. ಯಾರಿಗೂ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ, ಅದೇ ಜಾಗದಲ್ಲಿ ಅಷ್ಟೇ ಜೋರಾಗಿ ಚಪ್ಪಾಳೆ ತಟ್ಟಿದರು. ಅಕ್ಕ ಮಾತ್ರ ತುಟಿ ಕಚ್ಚಿಕೊಂಡು ಚಾವಣಿ ನೋಡುತ್ತಿದ್ದರು. ನಗು ತಡೆಯಲು ಅವರ ಭುಜ ಪಡುತ್ತಿದ್ದ ಪಾಡು ಹೂಂಕಾರನಿಗೆ ಚೆನ್ನಾಗಿ ಕಂಡಿತು.

ಅವನ ಸರದಿ ಬಂತು. ಜೇಬಿನಲ್ಲಿ ಫೋನಿತ್ತು, ಫೋನಿನಲ್ಲಿ ಅದೇ ದೀಪವಿತ್ತು. ಅದನ್ನು ತೆಗೆಯಲಿಲ್ಲ.

“ಅಕ್ಕ ಎರಡು ಕನ್ನಡಕ ಹಾಕ್ತಾರೆ,” ಅಂದ.

ಯಾರೂ ತಲೆ ಎತ್ತಲಿಲ್ಲ.

“ಅವರು ನಲ್ಲಿಗಳಿಗೆ ಬಯ್ತಾರೆ. ಬಯ್ಸಿಕೊಂಡ ನಲ್ಲಿಗಳು ವಾಪಸ್ ಬಂದಿವೆ. ನಾನೇ ವಾಪಸ್ ತಗೊಂಡಿದೀನಿ, ಆದ್ರೆ ಅವರು ಮೊದಲೇ ಹೇಳಿದ್ದನ್ನ ಕೇಳಿಸ್ಕೊಂಡಿರ್ಲಿಲ್ಲ.”

ಹಿಂದಿನ ಕಮೋಡಿನಲ್ಲಿ ಯಾರೋ ಕತ್ತೆತ್ತಿದರು. ಹೂಂಕಾರನಿಗೆ ಹುಮ್ಮಸ್ಸು ಬಂತು. ಹುಮ್ಮಸ್ಸಿನಲ್ಲಿ ನಾಲಿಗೆ ಜಾರಿತು.

“ಮಧ್ಯಾಹ್ನ ಊಟ ಆದ್ಮೇಲೆ ಅಕ್ಕ ದಿನಾ ಆ ಟಬ್ಬಿನಲ್ಲಿ ನಿದ್ದೆ ಮಾಡ್ತಾರೆ.”

ಈಗ ಎಲ್ಲರ ತಲೆಗಳೂ ಒಟ್ಟಿಗೆ ಎದ್ದವು. ಅಷ್ಟು ಮುಖಗಳನ್ನು ಒಮ್ಮೆಗೇ ನೋಡಿ ಅಭ್ಯಾಸವಿಲ್ಲದ ಹೂಂಕಾರ ತಬ್ಬಿಬ್ಬಾದ. ಅಯ್ಯೋ, ಹೇಳಬಾರದ್ದನ್ನು ಹೇಳಿಬಿಟ್ಟೆನಲ್ಲ ಎಂದು ನಾಲಿಗೆ ಕಚ್ಚಿಕೊಂಡ. ಯಜಮಾನರು ನಿಧಾನವಾಗಿ ಎದ್ದು ನಿಂತರು.

“ಯಾವ ಟಬ್ಬು? ಆ ಮೂಲೆ ಟಬ್ಬಾ?” ಅವರ ಮುಖದ ಮೇಲೆ ಏನೋ ಅರ್ಥವಾಗುತ್ತಾ ಬಂತು. “ಅದಕ್ಕೇನಾ ಅದರಲ್ಲಿ ಯಾವಾಗಲೂ ದಿಂಬು ಇರ್ತಿತ್ತು! ಕಂಪನಿಯೋರೇ ಟಬ್ಬಿನ ಜೊತೆ ಕೊಡ್ತಾರೆ ಅಂದ್ಕೊಂಡು ಎಷ್ಟು ಗಿರಾಕಿಗಳಿಗೆ ‘ದಿಂಬು ಉಚಿತ’ ಅಂತ ಹೇಳಿದೀನಿ!”

“ಹೇಳಿದ್ರಿ,” ಅಕ್ಕ ಕೂತಲ್ಲಿಂದಲೇ ಅಂದರು. “ಅದಕ್ಕೇ ಆಮೇಲೆ ನಾನು ಹೋಗಿ, ಟಬ್ಬು ಸೋರುತ್ತೆ ಅಂತ ಅವರ ಕಿವಿಗೆ ಹಾಕ್ತಿದ್ದೆ. ಮಾರಾಟ ಆಗಿಬಿಟ್ರೆ ನಾನೆಲ್ಲಿ ಮಲಗ್ಲಿ ಸಾರ್?”

ಯಜಮಾನರ ಬಾಯಿ ತೆರೆಯಿತು, ಮುಚ್ಚಿತು. ಕೊನೆಗೆ ಅವರ ಹೊಟ್ಟೆಯಿಂದ ಒಂದು ನಗೆ ಹೊರಟಿತು. ಅದರ ಹಿಂದೆ ಎಲ್ಲರದೂ. ಕ್ಯಾಶಿಯರ್ ನಕ್ಕೂ ನಕ್ಕೂ ಕಮೋಡಿನ ಗುಂಡಿ ಒತ್ತಿಬಿಟ್ಟ. ಪುಣ್ಯಕ್ಕೆ ಅದಕ್ಕೆ ನೀರಿನ ಸಂಪರ್ಕ ಇರಲಿಲ್ಲ. ನಗೆ ಇಳಿದ ಮೇಲೆ ಹೂಂಕಾರ ಈಜಿನ ವಿಷಯ ಹೇಳಲೇ ಎಂಬಂತೆ ಅಕ್ಕನತ್ತ ನೋಡಿದ. ಈ ಸಲ ಕೇಳಿಯೇ ಮುಂದುವರಿಯುವ ಬುದ್ಧಿ ಬಂದಿತ್ತು. ಅಕ್ಕ ತಲೆಯಾಡಿಸಿದರು. ಅವನು ಹೇಳಿದ. ಆಗ ಯಾರೂ ನಗಲಿಲ್ಲ, ಹೆಬ್ಬೆರಳನ್ನೂ ತೋರಿಸಲಿಲ್ಲ. ಎಲ್ಲರೂ ಎದ್ದು ಅಕ್ಕನ ಸುತ್ತ ಸೇರಿ, ಎಲ್ಲಿ, ಯಾವಾಗಿಂದ, ಭಯ ಆಗಲ್ವಾ ಎಂದು ಮುಗಿಬಿದ್ದು ಕೇಳತೊಡಗಿದರು.

ಅಕ್ಕ ಈಗ ನೀರಿಗೆ ಇಳಿಯುತ್ತಾರೆ. ಇನ್ನೂ ಈಜುಕೊಳದ ಅಂಚಿನ ಕಂಬಿ ಬಿಟ್ಟಿಲ್ಲವಂತೆ. ಈಜು ಕಲಿಸುವವನಿಗೆ ದಿನಾ ಬಯ್ಯುತ್ತಾರಂತೆ.

ಹೂಂಕಾರನಿಗೆ ಮಾತ್ರ ಅಂಗಡಿಯಲ್ಲಿ ದೊಡ್ಡ ಹೆಸರು ಬಂತು. ಮುಖ ನೋಡಿ ಮಾತಾಡುವ ಮನುಷ್ಯ ಒಬ್ಬನಿದ್ದಾನೆ ಎಂದು ಗಿರಾಕಿಗಳು ಅವನನ್ನೇ ಕೇಳಿಕೊಂಡು ಬರತೊಡಗಿದರು. ಮುದುಕರೊಬ್ಬರು ಒಂದು ನಲ್ಲಿ ಕೊಳ್ಳಲು ಬಂದು, ಸೊಸೆಯ ಮೇಲಿನ ದೂರನ್ನೆಲ್ಲ ಹೇಳಿ ಮುಗಿಸಿ, ನಲ್ಲಿ ಮರೆತು ಹೋದರು. ಹಾಗೆಂದು ಅವನೇನು ಪೂರ್ತಿ ಬದಲಾಗಲಿಲ್ಲ. ಫೋನು ಕೈಗೆ ಬಂದರೆ ಬೆಕ್ಕುಗಳು ಇನ್ನೂ ಕರೆಯುತ್ತವೆ. ಆದರೆ ಊಟದ ಹೊತ್ತಿಗೆ ಅದನ್ನು ಬೀರುವಿನ ಮೇಲೆ ಇಡುತ್ತಾನೆ.

ಇದರಿಂದ ಹೆಂಡತಿಗೆ ಹೊಸ ತೊಂದರೆ ಶುರುವಾಯಿತು. ಮೊನ್ನೆ ಅವಳು ಬಡಿಸುತ್ತಾ, “ಇವತ್ತು ಲ್ಯಾಬಲ್ಲಿ ಒಬ್ಬ ಸೂಜಿ ನೋಡ್ತಿದ್ದ ಹಾಗೇ ಮೂರ್ಛೆ ಹೋದ” ಅಂದಳು.

“ಹೌದಾ? ಯಾವ ಕಡೆಗೆ ಬಿದ್ದ?”

“ಎಡಗಡೆ.”

“ಕೂತಿದ್ನೋ, ನಿಂತಿದ್ನೋ? ನೀನು ಹಿಡ್ಕೊಂಡ್ಯಾ? ಆಮೇಲೆ ನಿನಗೆ ಕೈ ನಡುಗಲಿಲ್ವಾ?”

ಹೆಂಡತಿ ಸೌಟು ಕೆಳಗಿಟ್ಟಳು. ಅವನ ಮುಖವನ್ನೇ ದಿಟ್ಟಿಸಿದಳು. ಅವನೂ ಅವಳ ಮುಖವನ್ನೇ ನೋಡುತ್ತಿದ್ದ.

“ನಿಜ ಹೇಳಿ,” ಅಂದಳು. “ಏನು ತಪ್ಪು ಮಾಡ್ಕೊಂಡು ಬಂದಿದೀರಿ?”

ಏನೂ ಇಲ್ಲವೆಂದು ಅವನು ಆಣೆ ಇಟ್ಟ. ಅವಳು ಪೂರ್ತಿ ನಂಬಲಿಲ್ಲ. ಆದರೂ ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕೂತು, ಮೂರ್ಛೆ ಹೋದವನು ಎಚ್ಚರವಾದ ಮೇಲೆ ಏನಂದ ಎಂಬುದನ್ನು ಮೊದಲಿನಿಂದ ಹೇಳತೊಡಗಿದಳು.