ಅಪ್ಪನ ಎಡೆಗೆ ಏನಿಡುವುದು

ಸತ್ತವರ ಪೈಕಿ ಚಟವಿದ್ದವರನ್ನು ತೃಪ್ತಿಪಡಿಸುವುದು ಬಹಳ ಸುಲಭ. ನಮ್ಮ ದೊಡ್ಡಪ್ಪ ತೀರಿಕೊಂಡು ಎಷ್ಟೋ ವರ್ಷವಾದರೂ ಪಿತೃಪಕ್ಷದಲ್ಲಿ ಅವನ ಎಡೆಗೆ ಏನಿಡಬೇಕೆಂದು ಯಾರೂ ತಲೆ ಕೆಡಿಸಿಕೊಂಡವರಲ್ಲ. ಒಂದು ಕಟ್ಟು ಬೀಡಿ, ಒಣಮೀನಿನ ಸಾರು, ಲೋಟದಲ್ಲಿ ಒಂದಿಷ್ಟು ಹೆಂಡ, ಅಲ್ಲಿಗೆ ಮುಗಿಯಿತು. ಕಷ್ಟವಾಗುವುದು ನಮ್ಮಪ್ಪನಂಥವರು ಹೋದಾಗ.

ಶಾಸ್ತ್ರ ಬಲ್ಲವರು ಎಳ್ಳು, ಅಕ್ಕಿ, ದರ್ಭೆಯಲ್ಲಿ ಕೆಲಸ ಪೂರೈಸುತ್ತಾರೆ. ಆಫೀಸು ಕ್ಯಾಂಟೀನಿನ ಥಾಲಿಯಂತೆ ಎಲ್ಲ ಪಿತೃಗಳಿಗೂ ಅದೇ ಊಟ. ಮಳವಳ್ಳಿ ಸುತ್ತಿನ ನಮ್ಮ ಹಳ್ಳಿಗಳ ಪದ್ಧತಿ ಹಾಗಲ್ಲ. ಬದುಕಿದ್ದಾಗ ಅವರವರಿಗೆ ಏನಿಷ್ಟವೋ ಅದನ್ನೇ ಬೇಯಿಸಿ, ಬಾಳೆಯೆಲೆಯಲ್ಲಿ ಬಡಿಸಿ, ದೀಪ ಹಚ್ಚಿ, ಬಾಗಿಲೆಳೆದುಕೊಂಡು ಮನೆಯವರೆಲ್ಲ ಹೊರಗೆ ನಿಲ್ಲಬೇಕು. ಹಿರಿಯರು ಬಂದು ಉಂಡುಹೋದ ಮೇಲೆ ನಮ್ಮ ಊಟ. ಹೊಟ್ಟೆಯ ವಿಷಯದಲ್ಲಿ ನಮ್ಮವರು ಶಾಸ್ತ್ರಕಾರರಿಗಿಂತ ಸೂಕ್ಷ್ಮಜ್ಞರೆಂದು ನನಗೆ ಒಳಗೊಳಗೇ ಹೆಮ್ಮೆಯಿತ್ತು.

ಈ ಸಲ ಅಪ್ಪನ ಮೊದಲನೇ ಪಕ್ಷ. ಅವ್ವ ಈಗ ಮುಲುಂಡಿನಲ್ಲಿ ನಮ್ಮ ಜೊತೆಗಿರುವುದರಿಂದ ಎಡೆಯೂ ಇಲ್ಲೇ ಎಂದಾಯಿತು. ಹಿಂದಿನ ದಿನ ಫೋರ್ಟಿನ ಆಫೀಸಿನಿಂದ ಬರುತ್ತ ದಾದರಿನಲ್ಲಿ ಇಳಿದು ಬಾಳೆಯೆಲೆ ಕೊಂಡೆ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಅದನ್ನು ತಲೆಯ ಮೇಲೆತ್ತಿ ಹಿಡಿದು ಹರಿಯದಂತೆ ಮನೆ ಮುಟ್ಟಿಸಿದೆ. ಅಷ್ಟರಲ್ಲಿ ಹೆಂಡತಿ ಸುಧಾ, "ನಾಳೆ ಏನ್ ಮಾಡ್ಲಿ? ಮಾವನಿಗೆ ಏನಿಷ್ಟ?" ಎಂದು ಕೇಳಿದಳು. ನಾನು ಎಲೆಯ ಸುರುಳಿಯನ್ನು ಬಿಚ್ಚಿ ಮತ್ತೆ ಸುತ್ತಿದೆ.

"ಕೋಳಿಸಾರು," ಎಂದೆ ಕೊನೆಗೆ. ಊರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದರೆ, "ಅಪ್ಪಂಗೆ ಒಬ್ಬಟ್ಟು ಅಂದ್ರೆ ಪ್ರಾಣ ಕಣೋ, ಅಷ್ಟೂ ಗೊತ್ತಿಲ್ವಾ ನಿಂಗೆ?" ಎಂದು ಬೈದಳು. ಮಗಳು ಮಾನ್ಸಿ ಮೊಬೈಲಿನಿಂದ ತಲೆಯೆತ್ತಿ, "ನೋ ಪಪ್ಪಾ, ತಾತಾಗೆ ವಡಾಪಾವ್ ಪಸಂದ್ ಇತ್ತು. ಪಕ್ಕಾ," ಎಂದಳು.

ಅವ್ವ ಎಲ್ಲವನ್ನೂ ಕೇಳಿಸಿಕೊಂಡು, "ಅವ್ರು ತಿಂದುದ್ದ ನೀವು ಯಾವಾಗ ನೋಡಿದ್ರಿ?" ಎಂದಳು.

ಹೌದಲ್ಲ! ಕೋಳಿಸಾರಿನ ದಿನ, ಅವ್ವ ಅಪ್ಪನಿಗೆಂದು ಎತ್ತಿಟ್ಟ ತುಂಡುಗಳನ್ನು ಅಪ್ಪ ನನ್ನ ತಟ್ಟೆಗೆ ಹಾಕಿಬಿಡುತ್ತಿದ್ದ. ಅವನ ಪಾಲಿನ ಒಬ್ಬಟ್ಟು ಅಕ್ಕನಿಗೆ ಹೋಗುತ್ತಿತ್ತು. ಇಲ್ಲಿಗೆ ಬಂದಾಗ ಸ್ಟೇಷನ್ನಿನ ಹೊರಗೆ ಕೊಂಡ ವಡಾಪಾವ್ ಪೂರ್ತಿ ಮೊಮ್ಮಗಳಿಗೆ. ಇಷ್ಟು ವರ್ಷ ನಾವೆಲ್ಲ ನಮಗಿಷ್ಟವಾದದ್ದನ್ನೇ ಅಪ್ಪನಿಗೆ ಇಷ್ಟವೆಂದು ತಿಳಿದುಕೊಂಡಿದ್ದೆವು.

ಅಪ್ಪ ರೇಷ್ಮೆಹುಳು ಸಾಕುತ್ತಿದ್ದ. ಆ ಕಸುಬಿನ ಮನೆಯಲ್ಲಿ ಮೊದಲ ಪಂಕ್ತಿ ಹುಳುಗಳದು. ಕೊನೆಯ ಸಲ ಪೊರೆ ಬಿಟ್ಟ ಮೇಲಂತೂ ಅವಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಬೆಳಕು ಹರಿಯುವ ಮುಂಚೆಯೇ ಅಪ್ಪ ತೋಟದಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ತರುತ್ತಿದ್ದ. ಹುಳುವಿಗೆ ಸೊಪ್ಪು, ದನಕ್ಕೆ ಮೇವು, ಆಮೇಲೆ ನಮ್ಮ ಊಟ. ನಾವು ಕೈತೊಳೆದ ಮೇಲೆ ಬಂದು ಕೂತು, "ಏನುಳಿದದೆ, ಇಕ್ಕು" ಎನ್ನುವನು. ಸಾರು ತಳ ಹತ್ತಿದ್ದರೂ, ಉಪ್ಪು ಮರೆತಿದ್ದರೂ ಅದೇ ಮುಖದಲ್ಲಿ ಉಂಡು ಏಳುವನು. ನಿನಗೇನು ಬೇಕಪ್ಪ ಎಂದು ಹುಳುಗಳು ಕೇಳುವಂತಿರಲಿಲ್ಲ. ಕೇಳಬಹುದಾಗಿದ್ದ ನಾವೂ ಸುಮ್ಮನೆ ಮೇಯ್ದೆವು.

"ನಿನಗಾದರೂ ಗೊತ್ತಿಲ್ಲವಾ?" ಎಂದು ಅವ್ವನನ್ನು ಕೇಳಿದೆ.

"ಕೇಳುದ್ರೆ, ನೀ ಏನ್ ಮಾಡುದ್ರೂ ಸರಿ ಅನ್ನೋರು. ಮೊದುಲ್ನೇ ವರ್ಸ ಕಣಪ್ಪ, ಹಸ್ಕಂಡು ವಾಪಸ್ ಹೋಗ್ಬುಟ್ಟಾರು," ಎಂದಳು. ಅವಳ ಕಣ್ಣು ತುಂಬಿತ್ತು.

ಮರುದಿನ ಸುಧಾ ಯಾವುದನ್ನೂ ಬಿಡದೆ ಎಲ್ಲವನ್ನೂ ಮಾಡಿದಳು. ಮುದ್ದೆ, ಕೋಳಿಸಾರು, ಒಬ್ಬಟ್ಟು, ಪಕ್ಕದಲ್ಲಿ ವಡಾಪಾವ್. ಅಂಥ ಎಡೆಯನ್ನು ನಮ್ಮ ವಂಶದ ಯಾವ ಹಿರಿಯರೂ ಕಂಡಿರಲಾರರು. ಬಾಗಿಲೆಳೆದುಕೊಂಡು ಹೊರಗೆ ಬಂದೆವು. ಊರಿನ ಮನೆಗಾದರೆ ಜಗಲಿಯುಂಟು. ನಮ್ಮ ಬಿಲ್ಡಿಂಗಿನಲ್ಲಿ ಇರುವುದು ಲಿಫ್ಟಿನ ಮುಂದಿನ ಪ್ಯಾಸೇಜು. ನಾಲ್ವರೂ ಬರಿಗಾಲಲ್ಲಿ ನಿಂತದ್ದನ್ನು ಕಂಡು ಎದುರುಮನೆಯ ಮರಾಠಿ ಕಾಕು, "ಕಾಯ್ ಝಾಲಂ? ಚಾವಿ ವಿಸರಲಾತ್ ಕಾ?" ಎಂದು ಕೇಳಿದರು.

ಬೀಗದಕೈಯೇನೂ ಮರೆತಿರಲಿಲ್ಲ. "ವಡೀಲ್ ಜೇವ್ತಾಯತ್" ಎಂದೆ, ಅಪ್ಪ ಊಟ ಮಾಡುತ್ತಿದ್ದಾರೆ ಎಂದು. ಅವರ ಮನೆಯಲ್ಲೂ ಪಕ್ಷವಿತ್ತು. ಮತ್ತೇನೂ ಕೇಳದೆ ಕೈಮುಗಿದು ಒಳಗೆ ಹೋದರು.

"ಬಾಗ್ಲು ತಗಿ," ಎಂದಳು ಅವ್ವ.

"ಇಷ್ಟು ಬೇಗ ತೆಗಿಬಾರದು ಅಲ್ವಾ?" ಎಂದೆ.

"ಅವ್ರು ಇನ್ನೂ ಎಲೆ ಮುಟ್ಟಿರಾಕಿಲ್ಲ ಕಣ್ಲಾ. ಮಕ್ಳು ಹೊರ್ಗೆ ಹಸ್ಕಂಡು ನಿಂತಿದ್ರೆ ಅವ್ರಿಗೆ ತುತ್ತು ಇಳಿದದಾ? ಮೊದ್ಲು ನೀವು ಕೂತ್ಕಂಡು ಉಣ್ಣಿ."

ತಲೆತಲಾಂತರದ ಪದ್ಧತಿಯನ್ನು ಹೀಗೆ ತಲೆಕೆಳಗು ಮಾಡಿ, ಎಡೆಯ ಮುಂದೆ ಸಾಲಾಗಿ ಕೂತು ಉಂಡೆವು. ಅವ್ವನೂ ಉಂಡಳು. ಎಲ್ಲರೂ ಕೈತೊಳೆದಾದ ಮೇಲೆ ಅವ್ವ ಪಾತ್ರೆಗಳ ತಳದಲ್ಲಿ ಉಳಿದದ್ದನ್ನು ಬಳಿದು ಎಲೆಗೆ ಹಾಕಿ, ದೀಪಕ್ಕೆ ಎಣ್ಣೆ ಬಿಟ್ಟು, ನಮ್ಮನ್ನೆಲ್ಲ ಮತ್ತೆ ಪ್ಯಾಸೇಜಿಗೆ ಹೊರಡಿಸಿದಳು.

"ಈಗ ಬಾಗ್ಲು ಎಳ್ಕಳಿ," ಎಂದಳು. "ಈಗ ಉಣ್ತಾರೆ."