ಖಾಲಿ ಕೋಣೆಗಳ ಸದ್ದು

ಆ ರೇಡಿಯೊ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಒಂದ್ಸಾಲಕ್ಕ ಎಂದೇ ಕರೆಯುತ್ತಿದ್ದರು. ಕಂಪ್ಯೂಟರಿನಲ್ಲಿ ಏನೇ ಎಡವಟ್ಟಾದರೂ ಜನ ತಲೆ ಮೇಲೆ ಕೈ ಹೊತ್ತುಕೊಂಡು ಅವಳ ಕೋಣೆಗೆ ಬರುತ್ತಿದ್ದರು. ಅವಳು ಶಾಲನ್ನು ಹೆಗಲ ಮೇಲೆ ಎಳೆದುಕೊಂಡು, ಕಪ್ಪು ಪರದೆಯಲ್ಲಿ ಒಂದೇ ಒಂದು ಸಾಲು ಬರೆದು ಎಂಟರ್ ಒತ್ತುತ್ತಿದ್ದಳು. ರಾಶಿ ಫೈಲುಗಳ ಹೆಸರು ಬದಲಾಗಬೇಕೆ, ಒಂದು ಸಾಲು. ಯಾವ ಫೋಲ್ಡರು ಜಾಗ ನುಂಗುತ್ತಿದೆ ಎಂದು ತಿಳಿಯಬೇಕೆ, ಒಂದು ಸಾಲು. ಮುಗ್ಗರಿಸಿ ಬಿದ್ದ ಸರ್ವರನ್ನು ಎಬ್ಬಿಸುವುದಕ್ಕೂ ಒಂದೇ ಸಾಲು, ಕೊಂಚ ಉದ್ದ ಅಷ್ಟೆ.

ಅಂಥ ಸಾಲುಗಳನ್ನೆಲ್ಲ ಅವಳು ಆಫೀಸಿನವರಿಗಾಗಿ ಒಂದು ಪುಟದಲ್ಲಿ ಹಾಕಿಟ್ಟಿದ್ದಳು. ಪ್ರತಿ ಸಾಲಿನ ಕೆಳಗೆ ಪಕ್ಕದ ಮನೆಯವರ ಜೊತೆ ಮಾತಾಡಿದ ಹಾಗೆ ಒಂದು ಕಿವಿಮಾತು ಇರುತ್ತಿತ್ತು. ಎಲ್ಲಕ್ಕೂ ಮೇಲಿದ್ದದ್ದು ಇದು: 'ಅಳಿಸು ಅನ್ನೋ ಜಾಗದಲ್ಲಿ ಮೊದಲು ತೋರಿಸು ಅಂತ ಬರೀರಿ. ಏನೇನು ಹೋಗುತ್ತೆ ಅಂತ ಕಣ್ಣಾರೆ ನೋಡಿ. ಆಮೇಲೆ ಅಳಿಸಿ.' ಈ ಬುದ್ಧಿ ಅವಳಿಗೆ ಬಂದದ್ದು ಯಾವ ಪುಸ್ತಕದಿಂದಲೂ ಅಲ್ಲ. ಅವಳ ಅಮ್ಮ ಜೀವಮಾನವಿಡೀ ಬಟ್ಟೆ ಹೊಲಿದವಳು. ಬಟ್ಟೆಯ ಮೇಲೆ ಚಾಕ್ ಗೆರೆ ಎಳೆಯದೆ ಕತ್ತರಿ ಮುಟ್ಟಿದರೆ, "ಗೆರೆ ತಪ್ಪಿದ್ರೆ ಉಜ್ಜಬಹುದು, ಕತ್ತರಿ ತಪ್ಪಿದ್ರೆ ಏನು ಉಜ್ತೀಯೇ?" ಎಂದು ಕೈಗೆ ಒಂದು ಏಟು ಹಾಕುತ್ತಿದ್ದಳು.

ಒಂದು ದಿನ ನಿರ್ದೇಶಕರು ಬಾಗಿಲಲ್ಲೇ ನಿಂತು ಹೇಳಿದರು. "ನೋಡಮ್ಮ, ಹಳೇ ರೆಕಾರ್ಡಿಂಗ್ ಇರೋ ಡಿಸ್ಕು ತುಂಬಿ ತುಳುಕ್ತಿದೆ. ಹೊಸ ಕಾರ್ಯಕ್ರಮ ಇಡೋಕೆ ಜಾಗ ಇಲ್ಲ. ಕಸ ಏನಿದೆಯೋ ಗುಡಿಸಿ ಹಾಕು."

"ಕಸ ಯಾವುದು ಸಾರ್?"

"ಅದನ್ನ ನಾನು ಹೇಳೋ ಹಾಗಿದ್ರೆ ನೀನ್ಯಾಕಮ್ಮ?" ಎಂದು ನಗುತ್ತ ಹೊರಟುಹೋದರು.

ಅವಳು ಒಂದು ಸ್ಕ್ರಿಪ್ಟ್ ಬರೆದಳು. ಅದು ಪ್ರತಿ ಫೈಲನ್ನೂ ತೆರೆದು, ಸದ್ದು ಎಷ್ಟು ಗಟ್ಟಿಯಾಗಿದೆ ಎಂದು ಅಳೆದು, ಮೊದಲಿಂದ ಕೊನೆಯವರೆಗೂ ಮಾತಿಲ್ಲದವನ್ನು ಒಂದು ಕಡೆ ಒಟ್ಟುಮಾಡಬೇಕು. ಮಾತೇ ಇಲ್ಲದ ರೆಕಾರ್ಡಿಂಗು ಕಸವಲ್ಲದೆ ಇನ್ನೇನು? ಊಟ ಮುಗಿಸಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಖಾಲಿ ಫೈಲುಗಳು ಅವಳು ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚಾಗಿದ್ದವು. ಅಳಿಸುವುದಕ್ಕೆ ಮೊದಲು ಒಂದೆರಡನ್ನಾದರೂ ಕೇಳೋಣವೆಂದು ಹೆಡ್‌ಫೋನ್ ಏರಿಸಿಕೊಂಡಳು.

ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಆ ಏನೂ ಇಲ್ಲದ್ದೇ ಮೆಲ್ಲಗೆ ಬಿಚ್ಚಿಕೊಳ್ಳತೊಡಗಿತು. ಎತ್ತರದ ಸೂರು ಇರಬೇಕು, ಗಾಳಿ ಮೇಲೆಲ್ಲೋ ಸುಳಿದಾಡುತ್ತಿತ್ತು. ಯಾರೋ ಕುರ್ಚಿಯಲ್ಲಿ ಮೈ ಸರಿಮಾಡಿಕೊಂಡರು. ದೂರದ ಬೀದಿಯಲ್ಲಿ ಒಂದು ಸೈಕಲ್ಲು ಹಾದುಹೋಯಿತು. ಅವಳು ಕಣ್ಣು ಮುಚ್ಚಿದಳು. ಇನ್ನೊಂದು ಫೈಲಿನಲ್ಲಿ ಪುಟ್ಟ ಕೋಣೆ, ದಪ್ಪ ಪರದೆಗಳು, ನಲ್ಲಿಯಿಂದ ತೊಟ್ಟಿಕ್ಕುವ ನೀರು. ಮತ್ತೊಂದರಲ್ಲಿ ಉದ್ದನೆಯ ಪಡಸಾಲೆ, ಆ ತುದಿಯಲ್ಲಿ ಯಾರೋ ಬಾಗಿಲು ಮುಂದಕ್ಕೆ ಹಾಕಿಕೊಂಡರು. ಒಂದು ಕೋಣೆಯಿಂದ ಇನ್ನೊಂದಕ್ಕೆ ಬರಿಗಾಲಲ್ಲಿ ನಡೆದು ಹೋಗುತ್ತಿರುವಂತೆ ಅವಳಿಗೆ ಅನ್ನಿಸಿತು. ಎಲ್ಲ ಮನೆಗಳ ಬಾಗಿಲೂ ತೆರೆದಿವೆ. ಒಳಗಿನವರೆಲ್ಲ ಉಸಿರು ಬಿಗಿಹಿಡಿದು ಯಾವುದಕ್ಕೋ ಕಾಯುತ್ತಿದ್ದಾರೆ. ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಹತ್ತಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಹೆಗಲು ತಟ್ಟಿ ಎಚ್ಚರಿಸಿದವಳು ಸಂಕಲನ ವಿಭಾಗದ ಗೆಳತಿ. "ಏನ್ ಒಂದ್ಸಾಲಕ್ಕ, ಕೂತಲ್ಲೇ ತೂಕಡಿಕೆನಾ?"

"ಇದೇನು ಹೇಳು ನೋಡೋಣ" ಎಂದು ಇವಳು ಗೆಳತಿಯ ಕಿವಿಗೆ ಹೆಡ್‌ಫೋನ್ ಇಟ್ಟಳು.

ಗೆಳತಿಗೆ ಕೂಡಲೇ ತಿಳಿಯಿತು. "ಅಯ್ಯೋ, ಇದು ಶ್ಶ್ ಮಾಮನ ಕೆಲಸ! ಮಾತು ಕತ್ತರಿಸಿದ ಕಡೆ ತೇಪೆ ಹಾಕೋಕೆ ಬೇಕಲ್ಲ, ಅದಕ್ಕೆ ಹೋದಲ್ಲೆಲ್ಲ ಕೋಣೆಯ ಮೌನಾನೂ ಹಿಡ್ಕೊಂಡು ಬರ್ತಿದ್ರು. ಅಳಿಸಿಬಿಟ್ಟೀಯ ಮತ್ತೆ!"

ಶ್ಶ್ ಮಾಮ ಎಂದರೆ ನಿವೃತ್ತರಾದ ಧ್ವನಿಮುದ್ರಕರು. ಯಂತ್ರ ಹಚ್ಚುವ ಮೊದಲು ತುಟಿಗೆ ಬೆರಳಿಟ್ಟು ಮಂತ್ರಿಯನ್ನೂ ಮಕ್ಕಳನ್ನೂ ಒಂದೇ ಸಮ ಸುಮ್ಮನಾಗಿಸುತ್ತಿದ್ದವರು.

ಆ ಸಂಜೆ ಅವಳು ಸ್ಕ್ರಿಪ್ಟನ್ನು ತಿರುಗಿ ಬರೆದಳು. ಅಳಿಸುವ ಬದಲು ಪ್ರತಿ ರೆಕಾರ್ಡಿಂಗನ್ನೂ ಒಂದು ಚೂರೂ ನಷ್ಟವಾಗದಂತೆ ಒತ್ತಿ ಚಿಕ್ಕದು ಮಾಡುವುದು, ಒತ್ತಿದ್ದನ್ನು ಮತ್ತೆ ಬಿಡಿಸಿ ಮೂಲಕ್ಕೆ ಹೋಲಿಸುವುದು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ಹಳೆಯದನ್ನು ತೆಗೆಯುವುದು. ವಾರ ಕಳೆಯುವುದರೊಳಗೆ ಡಿಸ್ಕು ಹೆಚ್ಚುಕಡಿಮೆ ಅರ್ಧ ಬರಿದಾಯಿತು. ನಿರ್ದೇಶಕರಿಗೆ ಜಾಗ ಸಿಕ್ಕಿತು, ಅವರು ಹೇಗೆ ಎಂದು ಕೇಳಲಿಲ್ಲ.

ಆದರೆ 'ಮನೆ' ಎಂಬ ಫೋಲ್ಡರೊಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಅದರಲ್ಲಿದ್ದವು ಹಲವಾರು ಮೌನಗಳು, ಎಲ್ಲವೂ ಒಂದೇ ಕೋಣೆಯವು, ಬೇರೆ ಬೇರೆ ವರ್ಷಗಳವು. ಅವನ್ನು ಫೋನಿಗೆ ಇಳಿಸಿಕೊಂಡು, ಪುಟ್ಟ ಸ್ಪೀಕರೊಂದನ್ನು ಚೀಲಕ್ಕೆ ಹಾಕಿಕೊಂಡು, ರಜೆಯ ದಿನ ಶ್ಶ್ ಮಾಮನ ಮನೆ ಹುಡುಕಿಕೊಂಡು ಹೋದಳು.

ಬಾಗಿಲು ತೆರೆದವರು ಅವರ ಹೆಂಡತಿ. ಶ್ಶ್ ಮಾಮ ಬಾಲ್ಕನಿಯ ಕುಂಡಗಳಿಗೆ ನೀರು ಹಾಕುತ್ತಿದ್ದರು. ವಿಷಯ ಕೇಳಿ ನಾಚಿಕೊಂಡರು. "ಹೊಸ ಮೈಕು ಕೈಗೆ ಬಂದಾಗಲೆಲ್ಲ ಮನೇಲಿ ಪರೀಕ್ಷೆ ಮಾಡ್ತಿದ್ದೆ. ಅದೂ ಅದ್ರಲ್ಲೇ ಸೇರ್ಕೊಂಡಿದ್ಯಾ?"

ಸ್ಪೀಕರಿನಿಂದ ಆ ಹಳೆಯ ಮೌನ ನಡುಮನೆಗೆ ಇಳಿಯಿತು. ಮೂವರೂ ಅಲುಗಾಡದೆ ಕೂತರು. ಅದೇ ಕೋಣೆಯಲ್ಲಿ ಕೂತು ಅದೇ ಕೋಣೆಯ ಹಳೆಯ ಮಧ್ಯಾಹ್ನವೊಂದನ್ನು ಕೇಳುವುದೆಂದರೆ ನೀರಿನೊಳಗೆ ಇನ್ನೊಂದು ನೀರು ಹರಿದ ಹಾಗಿತ್ತು.

"ಅದು ಹಳೇ ಫ್ಯಾನು" ಎಂದರು ಹೆಂಡತಿ, ಪಿಸುದನಿಯಲ್ಲಿ. "ಆ ಬದಿ ನಾನು ನಿಂತಿದ್ದೆ. ಒಲೆ ಆರಿಸಿ, ಮಗಳ ಬಾಯಿಗೆ ಕೈ ಮುಚ್ಚಿ. ಈ ಮನುಷ್ಯನ ದೆಸೆಯಿಂದ ಎಷ್ಟು ಸಲ ಅನ್ನ ಅರ್ಧ ಬೆಂದಿತ್ತೋ!"

"ಶ್ಶ್" ಎಂದರು ಮಾಮ.

ಫೈಲಿನ ಕೊನೆಯಲ್ಲಿ, ತೀರಾ ಹಿಂದೆ, ಬೆರಳುಗಳ ಸಂದಿಯಿಂದ ತಪ್ಪಿಸಿಕೊಂಡ ಕಿಸಕ್ಕೆಂಬ ನಗು. ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದುಹೋಗಿ, ಬೀದಿಯ ಮೂಲೆಯಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಮಗಳಿಗೆ ಫೋನ್ ಮಾಡಿದರು. "ಅಂಗಡಿ ಹಾಗೇ ಇರ್ಲಿ, ಬಾರೇ ಬೇಗ. ನೀನು ಇಲ್ಲಿ ನಗ್ತಾ ಇದೀಯ!" ಮಗಳು ಗಾಬರಿಯಾಗಿ ಓಡಿ ಬಂದಳು. ಅಮ್ಮನಿಗೆ ಅರುಳುಮರುಳೋ ಏನೋ ಎಂದುಕೊಂಡಿದ್ದಳಂತೆ. ಆಮೇಲೆ ಆ ನಗುವನ್ನು ಮತ್ತೆ ಮತ್ತೆ ಹಾಕಿಸಿ ಕೇಳಿದಳು.

ಹೊರಡುವಾಗ ಶ್ಶ್ ಮಾಮ ಬಾಗಿಲವರೆಗೆ ಬಂದು ಹೇಳಿದರು. "ಎಲ್ರೂ ಮಾತನ್ನ ಮಾತ್ರ ಜೋಪಾನ ಮಾಡ್ತಾರಮ್ಮ. ಮಾತು ಕೂತ್ಕೊಳ್ಳೋಕೆ ಒಂದು ಜಾಗ ಬೇಡ್ವೇ?"

ಆ ಮಾತು ಅವಳನ್ನು ಬಿಡಲಿಲ್ಲ. ಹಿಡಿದ ಪಟ್ಟು ಬಿಡದೆ ನಿರ್ದೇಶಕರ ಹಿಂದೆ ಬಿದ್ದಳು. "ಬೆಳಿಗ್ಗೆ ಸುದ್ದಿಗೆ ಮುಂಚೆ ಒಂದು ನಿಮಿಷ ಕೊಡಿ ಸಾರ್. ದಿನಕ್ಕೊಂದು ಕೋಣೆ."

"ರೇಡಿಯೊದಲ್ಲಿ ಮೌನ ಪ್ರಸಾರ ಮಾಡಿದ್ರೆ ಜನ ನಮಗೆ ಹುಚ್ಚು ಅಂತಾರೆ!"

"ಒಂದು ತಿಂಗಳು ಅನ್ಲಿ ಬಿಡಿ."

ಅವರು ಒಪ್ಪಿದರು, ಒಪ್ಪದಿದ್ದರೆ ಅವಳು ಬಾಗಿಲು ಬಿಟ್ಟು ಕದಲುವಂತಿರಲಿಲ್ಲ. ಆ ಮೌನಗಳಲ್ಲಿ ಯಾವುದೋ ಒಂದನ್ನು ಚೀಟಿ ಎತ್ತಿದ ಹಾಗೆ ಎತ್ತಿ, ಹೊತ್ತಿಗೆ ಸರಿಯಾಗಿ ಪ್ರಸಾರಕ್ಕೆ ಕಳುಹಿಸುವ ಸಾಲನ್ನು ಅವಳು ಬರೆದಳು. ಮೊದಲ ವಾರ ಬೈಗುಳದ ಕರೆಗಳು ಬಂದವು. ಆಮೇಲೆ ಕರೆಗಳ ಧಾಟಿ ಬದಲಾಯಿತು. ಮಂಗಳವಾರದ ಕೋಣೆಯಲ್ಲಿ ನಾಯಿ ಮಲಗಿತ್ತಾ ಎಂದು ಒಬ್ಬರು ಕೇಳಿದರು. ನಮ್ಮ ಮನೆಯ ಮೌನವನ್ನೂ ಹಿಡಿದುಕೊಂಡು ಹೋಗಿ ಎಂದು ಇನ್ನೊಬ್ಬರು ವಿಳಾಸ ಕೊಟ್ಟರು. ತಿಂಗಳು ಮುಗಿದದ್ದು ಯಾರಿಗೂ ನೆನಪಾಗಲಿಲ್ಲ.

ಒಂದು ಬೆಳಿಗ್ಗೆ ಬಸ್ಸಿಗೆ ಕಾಯುತ್ತ ಅವಳು ಚಹಾ ಅಂಗಡಿಯ ಮುಂದೆ ನಿಂತಿದ್ದಳು. ಮಂಜು ಇನ್ನೂ ಬೀದಿ ಬಿಟ್ಟಿರಲಿಲ್ಲ. ಹಾಡು ಮುಗಿದು ಅಂಗಡಿಯ ರೇಡಿಯೊ ಸುಮ್ಮನಾಯಿತು. ಚಹಾದವನು ಅದರ ನೆತ್ತಿಗೆ ಎರಡು ಬಡಿದ.

"ಕೆಟ್ಟೋಯ್ತೇನೋ ಅಕ್ಕಾ ಇದು."

"ಇಲ್ಲ, ಸ್ವಲ್ಪ ಕೇಳಿ" ಎಂದಳು.

ಅವನು ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕಿವಿಗೊಟ್ಟ. ಬೆಂಚಿನ ಮೇಲಿದ್ದವರೂ ಲೋಟವನ್ನು ತುಟಿಯ ಬಳಿಯೇ ಹಿಡಿದರು. ರೇಡಿಯೊದೊಳಗೆ ಎಲ್ಲಿಯದೋ ಮನೆಯ ಕಿಟಕಿಯೊಂದು ಗಾಳಿಗೆ ಮೆಲ್ಲಗೆ ತೆರೆದುಕೊಂಡಿತು.