ಅಜ್ಜನ ಪೈಪಿನ ಮೇಲಿನ ಹಲ್ಲಿನ ಗುರುತು

ಗೆಳೆಯರೇ, ಬೆಲೆ ಎಷ್ಟಿರಬಹುದೆಂಬ ಕುತೂಹಲಕ್ಕೆ ನಮ್ಮ ಮನೆಯ ತಂಬಾಕಿನ ಪೈಪನ್ನು ಇವತ್ತು ರಾಣೆಬೆನ್ನೂರಿನ ಹಳೇ ಸಾಮಾನಿನ ವ್ಯಾಪಾರಿಗೆ ತೋರಿಸಿದೆ. ಅವ್ವನೂ ಜೊತೆಗಿದ್ದಳು. ಪೈಪು ಅವಳ ಅಪ್ಪನದು. ನಲವತ್ತರ ದಶಕದಲ್ಲಿ ಬ್ಯಾಡಗಿ ರೈಲ್ವೆ ಸ್ಟೇಷನ್ನಿನಿಂದ ವರ್ಗವಾಗಿ ಹೊರಟ ಇಂಗ್ಲಿಷ್ ಸಾಹೇಬನೊಬ್ಬ ತಾನು ಸೇದುತ್ತಿದ್ದುದನ್ನೇ ಗುಮಾಸ್ತನಾಗಿದ್ದ ಅಜ್ಜನಿಗೆ ಕೊಟ್ಟನಂತೆ. ಅವ್ವ ತೊಟ್ಟಿಲಲ್ಲಿದ್ದಾಗಲೇ ಅಜ್ಜ ತೀರಿಕೊಂಡ. ಅವನದೊಂದು ಫೋಟೋ ಕೂಡ ಇಲ್ಲ.

ವ್ಯಾಪಾರಿ ಕನ್ನಡಕ ಏರಿಸಿ ನೋಡಿದ. “ಖರೇ ವಿಲಾಯತಿ ಮಾಲ್ ಐತ್ರಿ. ಆದ್ರ ಬಾಯಾಗ ಇಟ್ಕೊಳ್ಳೋ ಕಡೆ ಹಲ್ಲಿನ ಗುರ್ತು ಬಿದ್ದಾವು. ತಿಕ್ಕಿ ತಗದ್ರ ಚಲೋ ಬೆಲಿ ಬರತೈತಿ.”

ಅವ್ವ ಪೈಪು ಕಸಿದುಕೊಂಡಳು. “ನಮ್ಮಪ್ಪನ ಮಾರಿ ನಾ ಕಂಡಿಲ್ಲ. ಅವನ ಹಲ್ಲರ ನನಗಿರಲಿ!”

ಊರಿಗೆ ಮರಳುವ ಬಸ್ಸಿನಲ್ಲಿ ಆ ಗುರುತಿನ ಮೇಲೆ ಬೆರಳಾಡಿಸುತ್ತಲೇ ಕೂತಿದ್ದಳು. ಕದರಮಂಡಲಗಿ ಬಂದಾಗ ಮೆಲ್ಲಗೆ ಪೈಪನ್ನು ಬಾಯಿಗಿಟ್ಟುಕೊಂಡಳು. ಕಂಡಕ್ಟರ್ ಓಡಿ ಬಂದ.

“ಬಸ್ಸಿನ್ಯಾಗ ಸೇದಬಾರ್ದು ಬೇ ಯವ್ವಾ!”

“ಸೇದಾಕತ್ತಿಲ್ಲೋ ತಮ್ಮಾ,” ಎಂದಳು ಅವ್ವ. “ನಮ್ಮಪ್ಪ ಇದನ್ನ ಹೆಂಗ ಕಚ್ಚಿ ಹಿಡೀತಿದ್ದ ಅಂತ ನೋಡಾಕತ್ತೇನಿ.”

ಆ ಹಲ್ಲು ಸಾಹೇಬನದೂ ಆಗಿರಬಹುದು. ಅವ್ವನ ಹತ್ತಿರ ಮೊಬೈಲ್ ಇಲ್ಲ, ಅದಕ್ಕೇ ಇಲ್ಲಿ ಬರೆದೆ. ಮನೆಗೆ ಬಂದವರು ದಯವಿಟ್ಟು ಬಾಯಿ ಬಿಡಬೇಡಿ.